ಎಲ್ಲ ಮರಿಯಳರೂ ಒಬ್ಬಳೇ ಅಲ್ಲ

ಯೇಸುವಿನ ತಾಯಿ ಮತ್ತು ಮಗ್ದಲದವಳನ್ನು ಬಿಟ್ಟರೆ ಹೊಸ ಒಡಂಬಡಿಕೆಯ ಉಳಿದ ಮರಿಯಳರನ್ನು ಒಬ್ಬಳೆಂದೇ ಓದಿಕೊಂಡರೂ ನಷ್ಟವಿಲ್ಲ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ನಷ್ಟ ಏನೆಂದು ಆಗಲೇ ಗೊತ್ತಾಗಿದೆ. 591ರಲ್ಲಿ ಪೋಪ್ ಗ್ರೆಗೊರಿ ಮಗ್ದಲದವಳನ್ನೂ ಬೇಥಾನ್ಯದ ಮರಿಯಳನ್ನೂ ಲೂಕನು ಹೆಸರನ್ನೇ ಹೇಳದ ಪಾಪಿ ಹೆಂಗಸನ್ನೂ ಒಂದು ಮಾಡಿ ಬೋಧಿಸಿದರು. ಹೀಗೆ ಮಗ್ದಲದವಳಿಗೆ ಅಂಟಿದ ಪಾಪಿಯೆಂಬ ಕಳಂಕ ರೋಮನ್ ಪಂಚಾಂಗದಿಂದ ಅಳಿಯಲು 1969 ಬರಬೇಕಾಯಿತು.

ಅಂದಿನ ಯೆಹೂದ್ಯರಲ್ಲಿ ಈ ಹೆಸರು ಬೀದಿಗೊಂದು. ಅದಕ್ಕೇ ಸುವಾರ್ತೆಗಾರರು ಮಗ, ಗಂಡ, ಊರು ಸೇರಿಸಿ ಗುರುತು ಕೊಟ್ಟರು. ಶಿಲುಬೆಯನ್ನು ದೂರದಿಂದ ನೋಡುತ್ತಿದ್ದ ಇನ್ನೊಬ್ಬ ಮರಿಯಳನ್ನು ಮಾರ್ಕನು ಒಮ್ಮೆ ಚಿಕ್ಕ ಯಾಕೋಬ ಮತ್ತು ಯೋಸೆಯ ತಾಯಿ, ಮತ್ತೊಮ್ಮೆ ಬರೀ ಯೋಸೆಯ ತಾಯಿ, ಸಮಾಧಿಗೆ ಹೋಗುವಾಗ ಯಾಕೋಬನ ತಾಯಿ ಎನ್ನುತ್ತಾನೆ. ಯೋಹಾನನ ಕ್ಲೋಪನ ಮರಿಯಳು ಇವಳೇ ಇರಬಹುದು, ಆದರೆ ಯೋಹಾನನು ಮಕ್ಕಳನ್ನು ಹೆಸರಿಸುವುದಿಲ್ಲ, ಮಾರ್ಕನು ಗಂಡನನ್ನು ಹೆಸರಿಸುವುದಿಲ್ಲ. ಊಹೆಯನ್ನು ಊಹೆಯೆಂದೇ ಬರೆಯಲು ಲೇಖಕರಿಗೇನು ಅಡ್ಡಿ?

ಯೆರೂಸಲೇಮಿನ ಮರಿಯಳಂತೂ ಬೇರೆಯೇ. ಯೋಹಾನ ಮಾರ್ಕನ ತಾಯಿ. ಹೊರಬಾಗಿಲು, ದಾಸಿ ರೋದೆ, ಹಲವರು ಕೂಡಿ ಪ್ರಾರ್ಥಿಸುವಷ್ಟು ಜಾಗ ಇದ್ದ ಮನೆ ಅವಳದು. ಗಂಡನ ಸುದ್ದಿಯೇ ಇಲ್ಲ. ಸೆರೆಯಿಂದ ಬಿಡುಗಡೆಯಾದ ಪೇತ್ರನು ನೇರವಾಗಿ ಬಂದದ್ದು ಅಲ್ಲಿಗೆ. ರೋಮಿನ ಮರಿಯಳಿಗೆ ಪೌಲನ ಪತ್ರದಲ್ಲಿ ಒಂದೇ ವಾಕ್ಯ, ಬಹಳ ಪ್ರಯಾಸಪಟ್ಟವಳೆಂದು. ಗುರುತಿಗೆ ಮಗನಿಲ್ಲ, ಗಂಡನಿಲ್ಲ, ಅವಳ ದುಡಿಮೆಯೊಂದೇ. ಲೇಖಕರ ಲೆಕ್ಕದಲ್ಲಿ ಮೊದಲು ಮಾಯವಾಗುವವಳು ಅವಳೇ.