ಕೊಡೆಯ ಅಡಿ

ಮಳೆಗಾಲ ಮುಗಿಯಿತೆಂದು ಪಂಚಾಂಗ ಹೇಳಿದರೂ ಆಗುಂಬೆಯ ಆಸುಪಾಸಿನ ಕಾಡು ಆ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕ ಮಳೆಯನ್ನು ಕುಡಿಯುವ ನೆಲ ಅದು. ಆಶ್ವಯುಜದ ಬಿಸಿಲು ಮರದ ತುದಿಯಲ್ಲಿ ಥಳಥಳಿಸುತ್ತಿದ್ದರೂ ಬುಡದ ತರಗೆಲೆ ಇನ್ನೂ ಒದ್ದೆಯಾಗಿಯೇ ಇರುತ್ತದೆ. ಆ ಒದ್ದೆಯೇ ಅಣಬೆಗಳ ರಾಜ್ಯ.

ಕಳೆದ ಶರದೃತುವಿನಲ್ಲಿ, ಭೂಮಿ ಹುಣ್ಣಿಮೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ನನ್ನ ಸೋದರತ್ತೆಯ ಊರಿಗೆ ಹೋಗಿದ್ದೆ. ಹೆಗಲಿನಲ್ಲಿ ಕ್ಯಾಮೆರಾ, ಕಾಲಿಗೆ ಇಂಬಳದ ಭಯದಿಂದ ಬಳಿದುಕೊಂಡ ಸುಣ್ಣ ಹೊಗೆಸೊಪ್ಪು, ಜೇಬಿನಲ್ಲಿ ಕ್ಷೌರದ ಪುಟ್ಟ ಕನ್ನಡಿ. ಕನ್ನಡಿಯೇಕೆಂದು ವಾಚಕರು ಕೇಳಬಹುದು. ಅಣಬೆಯ ಗುರುತು ಇರುವುದು ಬಹುಮಟ್ಟಿಗೆ ಅದರ ಕೊಡೆಯ ಅಡಿಯಲ್ಲಿ. ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ತೆಳು ಪದರಗಳು ಅಲ್ಲಿರುತ್ತವೆ; ಕೆಲವು ಜಾತಿಗಳಲ್ಲಿ ಪದರಗಳ ಬದಲು ಸೂಜಿಮೊನೆಯಂಥ ರಂಧ್ರಗಳು. ಕಿತ್ತು ಮಗುಚಿ ನೋಡಿದರೆ ಆ ಅಣಬೆಯ ಆಯುಸ್ಸು ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಕನ್ನಡಿಯನ್ನು ಓರೆಯಾಗಿ ಹಿಡಿದರೆ ಕೀಳದೆಯೇ ಅಡಿಯ ಚಿತ್ರ ತೆಗೆಯಬಹುದು.

ನಾನು ಅಂಗಳದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಈ ವಿದ್ಯೆಯನ್ನು ಪ್ರಯೋಗಿಸುತ್ತಿರುವುದನ್ನು ಕಂಡು ಅತ್ತೆ, “ಎಂಥ ಮಾರಾಯ, ಅಣಬೆಗೆ ಕನ್ನಡಿ ತೋರಿಸ್ತೀಯಾ? ಅದಕ್ಕೇನು ಇವತ್ತು ಮದುವೆಯೋ?” ಎಂದು ನಕ್ಕರು.

ಮರುದಿನ ಬೆಳಿಗ್ಗೆ ಅತ್ತೆಯ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಸೊಪ್ಪಿನ ಬೆಟ್ಟ ಹತ್ತಿದೆ. ಎಂಟನೆಯ ತರಗತಿಯ ಹುಡುಗ. ಅವನ ಕಣ್ಣು ನನ್ನ ಮಸೂರಕ್ಕಿಂತ ಚುರುಕು. ದಾರಿಯ ಪಕ್ಕದ ಹುತ್ತದ ಬದಿಯಲ್ಲಿ ಬಿಳಿಯ ಕೊಡೆಗಳು ಗುಂಪಾಗಿ ಎದ್ದಿದ್ದವು. ಗೆದ್ದಲು ಒಂದು ಬಗೆಯ ಬೇಸಾಯಗಾರ. ಸೊಪ್ಪು ಸೌದೆಯ ಚೂರುಗಳನ್ನು ತಿಂದು ತಂದು, ಹುತ್ತದೊಳಗೆ ಸ್ಪಂಜಿನಂಥ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತದೆ. ಆ ಬೆಳೆಯೇ ಮಳೆಗೆ ನೆಲವನ್ನು ಒಡೆದು ಅಣಬೆಯಾಗಿ ಮೇಲೆದ್ದು ಬರುವುದು. ಈ ಕುಲಕ್ಕೆ ಫ್ರಾನ್ಸಿನ ವಿಜ್ಞಾನಿ ರೋಜರ್ ಹೈಮ್ 1942ರಲ್ಲಿ ‘ಟರ್ಮಿಟೋಮೈಸಿಸ್’ ಎಂದು ಹೆಸರಿಟ್ಟರು. ನಮ್ಮವರು ಅದಕ್ಕೂ ಬಹಳ ಹಿಂದಿನಿಂದ ಹುತ್ತದ ಅಣಬೆ ಎನ್ನುತ್ತ ಪಲ್ಯ ಮಾಡುತ್ತ ಬಂದಿದ್ದಾರೆ.

ಅಣಬೆಯ ಚಿತ್ರ ತೆಗೆಯುವುದಕ್ಕೆ ಅವಸರವಿಲ್ಲ. ಕಾಡಿನ ಮಬ್ಬು ಬೆಳಕಿನಲ್ಲಿ ಮಸೂರವನ್ನು ಒಂದೆರಡು ಕ್ಷಣ ತೆರೆದೇ ಇಟ್ಟರೂ ಅದು ಅಲುಗದೆ ಸಹಕರಿಸುತ್ತದೆ. ಕೀಟಗಳಿಗೆ ಅಷ್ಟು ಸೌಜನ್ಯವಿಲ್ಲ. ಒಂದು ಕಡ್ಡಿಕೀಟಕ್ಕಾಗಿ ಅರ್ಧ ಗಂಟೆ ಮೊಣಕಾಲೂರಿ ಕೊನೆಗೆ ಕಡ್ಡಿಯ ಚಿತ್ರವನ್ನೇ ತೆಗೆದು ಬಂದವನು ನಾನು.

ಆ ದಿನದ ನಿಜವಾದ ಲಾಭವನ್ನು ತಂದುಕೊಟ್ಟವನು ಹುಡುಗನೇ. “ಮಾವ, ಇಲ್ಲೊಂದು ಗೊದ್ದ ಎಲೆ ಕಚ್ಚಿಕೊಂಡು ಸತ್ತಿದೆ, ತಲೆಗೆ ಕೋಡು ಬಂದಿದೆ” ಎಂದು ಕೂಗಿದ. ಮೊಣಕಾಲೆತ್ತರದ ಗಿಡವೊಂದರ ಎಲೆಯ ಅಡಿಭಾಗ. ನರವನ್ನು ಬಲವಾಗಿ ಕಚ್ಚಿ ಹಿಡಿದ ಕರಿಯ ಇರುವೆ. ಕತ್ತಿನ ಹಿಂದಿನಿಂದ ದಾರದಂಥ ಒಂದು ಕಾಂಡ. ಇದೂ ಶಿಲೀಂಧ್ರದ ಕೆಲಸವೇ. ಇರುವೆಯ ಮೈಯೊಳಗೆ ಹೊಕ್ಕು, ಅದರ ನಡೆಯನ್ನು ಕೆಡಿಸಿ, ಗೂಡು ಬಿಡಿಸಿ, ಗಿಡ ಹತ್ತಿಸಿ, ಕಚ್ಚಿಸಿ, ಕೊಂದು, ಆಮೇಲೆ ಆ ಕಾಂಡದಿಂದ ತನ್ನ ಬೀಜಕಣಗಳನ್ನು ಕೆಳಗೆ ಓಡಾಡುವ ಇರುವೆಗಳ ಮೇಲೆ ಉದುರಿಸುತ್ತದೆ. ಆಲ್ಫ್ರೆಡ್ ರಸೆಲ್ ವಾಲೇಸ್ 1859ರಲ್ಲಿಯೇ ಇಂಡೊನೇಷ್ಯದ ದ್ವೀಪವೊಂದರಲ್ಲಿ ಇಂಥದನ್ನು ಕಂಡಿದ್ದರು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಆ ಎಲೆಯನ್ನು ಕೈಬಿಡುವಾಗ ಮೈ ಸಣ್ಣಗೆ ಜುಮ್ಮೆಂದಿತು.

ಹಿಂದಿರುಗುವಾಗ ಸಂಜೆಯಾಗಿತ್ತು. ಕೊಟ್ಟಿಗೆಯ ಹಿಂದಿನ ಹುಲ್ಲಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಳಿಯ ಅಣಬೆಗಳು ನಿಂತಿದ್ದವು. ಒಂದರ ಅಂಚನ್ನು ಎರಡು ಸಣ್ಣ ಕರಿಯ ಹುಳುಗಳು ಮೆಲ್ಲುತ್ತಿದ್ದವು. ಬೆಳಕು ಹೋಗುತ್ತಿತ್ತು, ಬೆನ್ನು ನೋಯುತ್ತಿತ್ತು. ಕನ್ನಡಿ ತೆಗೆಯುವ ಗೋಜಿಗೆ ಹೋಗದೆ ಮೇಲಿನಿಂದ ನಾಲ್ಕು ಚಿತ್ರ ತೆಗೆದು ಒಳಗೆ ಬಂದೆ.

ರಾತ್ರಿ ಊಟದ ನಂತರ ಹುಡುಗ ಕ್ಯಾಮೆರಾದ ಹಿಂಬದಿಯಲ್ಲಿ ಚಿತ್ರಗಳನ್ನು ನೋಡುತ್ತ, “ಮಾವ, ಹುತ್ತದ್ದೂ ಇದೂ ಒಂದೇ ಅಲ್ವಾ?” ಎಂದು ಕೇಳಿದ. ನಾನು ನಿದ್ದೆಗಣ್ಣಿನಲ್ಲಿ, ಆದರೆ ಪಂಡಿತನ ಗತ್ತಿನಲ್ಲಿ, “ಹಾಗೇ ಕಾಣುತ್ತಪ್ಪ” ಎಂದುಬಿಟ್ಟೆ.

ಬೆಳಗಾಗುವಷ್ಟರಲ್ಲಿ ಒಂದು ಬುಟ್ಟಿ ಅಣಬೆ ಅಡಿಗೆಮನೆಯ ಹೊಸ್ತಿಲಲ್ಲಿತ್ತು. ಹುಡುಗನ ಮುಖದಲ್ಲಿ ವಿಜಯದ ನಗೆ. ಅತ್ತೆ ಒಂದನ್ನೆತ್ತಿ ಮೊದಲು ಬುಡ ನೋಡಿದರು, ಆಮೇಲೆ ಮಗುಚಿದರು. “ಎಲ್ಲಿ ಕಿತ್ತೆ? ಹುತ್ತದಲ್ಲೋ?” “ಅಲ್ಲ ಅಜ್ಜಿ, ಕೊಟ್ಟಿಗೆ ಹಿಂದೆ. ಮಾವನೇ ಹೇಳಿದ್ರು, ಎರಡೂ ಒಂದೇ ಅಂತ.”

ಅತ್ತೆ ನನ್ನ ಕಡೆಗೆ ನೋಡಿದ ನೋಟವನ್ನು ಇಲ್ಲಿ ಬರೆದು ತೋರಿಸಲಾರೆ.

“ಹುತ್ತದ್ದಕ್ಕೆ ಮೊಳದುದ್ದದ ಬೇರಿರುತ್ತೆ. ಇದಕ್ಕೆಲ್ಲಿದೆ? ಅಡಿ ನೋಡು, ಪಾಚಿ ಹಿಡಿದ ಹಾಗೆ ಹಸಿರು.” ಹೌದು, ಬಲಿತ ಕೊಡೆಗಳ ಪದರಗಳಿಗೆ ಮಾಸಲು ಹಸಿರು ಬಣ್ಣ ಬಂದಿತ್ತು. ಎಳೆಯವು ಮಾತ್ರ ಬೆಳ್ಳಗೆ, ನಿರಪರಾಧಿಗಳಂತೆ ಇದ್ದವು.

ಅಷ್ಟರಲ್ಲಿ ತೋಟದ ಕೆಲಸಕ್ಕೆ ಬಂದವರೊಬ್ಬರು, ಬೆಳ್ಳಿಯ ಕಾಸು ಹಾಕಿ ಬೇಯಿಸಿ, ಕಾಸು ಕಪ್ಪಾಗದಿದ್ದರೆ ತಿನ್ನಬಹುದೆಂದು ಸಲಹೆ ಕೊಟ್ಟರು. ಹುಳು ತಿಂದದ್ದನ್ನು ಮನುಷ್ಯ ತಿನ್ನಬಹುದೆಂಬ ಮಾತೂ ಬಂತು. ಎರಡೂ ಶುದ್ಧ ಸುಳ್ಳು. ಹುಳುವಿನ ಹೊಟ್ಟೆಯ ನ್ಯಾಯ ಬೇರೆ, ನಮ್ಮ ಹೊಟ್ಟೆಯ ನ್ಯಾಯ ಬೇರೆ; ಹಿಂದಿನ ಸಂಜೆ ಅಂಚು ಮೆಲ್ಲುತ್ತಿದ್ದ ಆ ಇಬ್ಬರು ಅತಿಥಿಗಳು ಸುಖವಾಗಿಯೇ ಇದ್ದಿರಬೇಕು.

ಬುಟ್ಟಿ ಗೊಬ್ಬರದ ಗುಂಡಿಗೆ ಹೋಯಿತು. ಒಂದು ಬಲಿತ ಕೊಡೆಯನ್ನು ಮಾತ್ರ ಉಳಿಸಿಕೊಂಡು, ತೊಟ್ಟು ಕತ್ತರಿಸಿ, ಬಿಳಿಯ ಕಾಗದದ ಮೇಲೆ ಬೋರಲು ಇಟ್ಟು, ಪಾತ್ರೆಯೊಂದನ್ನು ಮುಚ್ಚಿದೆವು. ಮರುದಿನ ಎತ್ತಿ ನೋಡಿದರೆ ಕಾಗದದ ಮೇಲೆ ಚಕ್ರದ ಕಡ್ಡಿಗಳಂಥ ರೇಖೆಗಳಲ್ಲಿ ಹಸಿರು ಛಾಯೆಯ ಧೂಳು. ಅದು ಬೀಜಕಣಗಳ ಸಹಿ. ಇನ್ನು ಸಂಶಯವಿರಲಿಲ್ಲ: ‘ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್’. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಆರಂಭವಾಗುತ್ತದೆ; ಮಕ್ಕಳಿಗೂ ವೃದ್ಧರಿಗೂ ನೀರು ಸೋರಿ ಜೀವ ಬಳಲಿಹೋಗುವಷ್ಟು. ಆ ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆಯೂ ಇದ್ದರು, ಮೂರು ವರ್ಷದ ಮಗುವೂ ಇತ್ತು. ಪಟ್ಟಣದ ಆಸ್ಪತ್ರೆಗೆ ಹೋಗುವ ದಾರಿ ನನಗೆ ಗೊತ್ತಿದ್ದುದರಿಂದ ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ನಾಲ್ಕು ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ. ಬೆಳಕು, ಚೌಕಟ್ಟು, ಹುಳುಗಳ ಮೀಸೆ, ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಬೇಕಾದದ್ದೊಂದೇ ಇರಲಿಲ್ಲ.

ಹುಣ್ಣಿಮೆ ಕಳೆದು ನಾನು ಹೊರಡುವ ಹೊತ್ತಿಗೆ ಆ ಕಾಗದ ಹುಡುಗನ ವಿಜ್ಞಾನದ ನೋಟುಬುಕ್ಕಿನಲ್ಲಿ ಅಂಟಿಯಾಗಿತ್ತು. ಅದರ ಕೆಳಗೆ ಅವನು ‘ಮಾವ ತಪ್ಪು ಹೇಳಿದ ಅಣಬೆ’ ಎಂದು ಬರೆದಿದ್ದ. ಹೇಳಿಹೋಗೋಣವೆಂದು ಹುಡುಕಿದರೆ ಅವನು ಕೊಟ್ಟಿಗೆಯ ಹಿಂದೆ ಹುಲ್ಲಿನಲ್ಲಿ ಬೋರಲು ಮಲಗಿದ್ದ. ಕೈಯಲ್ಲಿ ನನ್ನ ಕ್ಷೌರದ ಕನ್ನಡಿಯಿತ್ತು. ನಾನು ಅದನ್ನು ಕೇಳಲಿಲ್ಲ.