ಕಡಲ ಮೃಗದ ಕತೆಯನ್ನು ಅಚ್ಚು ಹಾಕಿಸಿದವರು ಯಾರು?

ಮಕ್ಕಳ ಚಿತ್ರಗಳಲ್ಲಿ ಪುಸ್ತಕಕ್ಕೆ ಒಳ್ಳೆಯ ಪಾತ್ರವೇ ಸಿಗುವುದು ವಾಡಿಕೆ. ಒಂಟಿ ಮಗುವಿಗೆ ಅದು ಸಂಗಾತಿ, ಬಡ ಮಗುವಿಗೆ ದಾರಿದೀಪ. 2022ರ ಜುಲೈ 8ರಂದು ನೆಟ್‌ಫ್ಲಿಕ್ಸ್‌ನಲ್ಲಿ ತೆರೆಕಂಡ ‘ದಿ ಸೀ ಬೀಸ್ಟ್’ ಎಂಬ ಅನಿಮೇಷನ್ ಚಿತ್ರವೂ ಮೊದಮೊದಲು ಇದೇ ಹಾದಿ ಹಿಡಿದಂತೆ ಕಾಣುತ್ತದೆ. ಅನಾಥಾಲಯದ ಹುಡುಗಿ ಮೇಸಿ ಬ್ರಂಬಲ್ ರಾತ್ರಿ ಹೊತ್ತು ಉಳಿದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಡಲ ಬೇಟೆಗಾರರ ಸಾಹಸಗಳ ಪುಸ್ತಕವನ್ನು ಓದಿ ಹೇಳುತ್ತಾಳೆ. ಅವಳ ಹೆತ್ತವರಿಬ್ಬರೂ ಬೇಟೆಗಾರರು, ಕಡಲಿನಲ್ಲೇ ಸತ್ತವರು. ಅವರ ನೆನಪಾಗಿ ಅವಳ ಪಾಲಿಗೆ ಉಳಿದಿರುವುದು ಆ ಪುಸ್ತಕವೇ. ಚಿತ್ರ ಮುಗಿಯುವ ಹೊತ್ತಿಗೆ ಅದು ಅರಮನೆ ಬರೆಸಿ ಹಂಚಿದ ಸುಳ್ಳು ಎಂದು ಅವಳಿಗೆ ಗೊತ್ತಾಗುತ್ತದೆ.

ಕಡಲ ಸಾಹಸ, ದೈತ್ಯ ಜೀವಿ, ಪುಟ್ಟ ಹುಡುಗಿ ಎಂಬ ಸರಕು ಹೊಸದೇನಲ್ಲ. ಭಯಂಕರ ಎಂದು ನಂಬಿದ ಪ್ರಾಣಿ ನಿಜಕ್ಕೂ ಸಾಧು ಎಂಬ ತಿರುವನ್ನು 2010ರ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಕಂಡವರು ಮೊದಲ ಅರ್ಧ ಗಂಟೆಯಲ್ಲೇ ಊಹಿಸಿಬಿಡುತ್ತಾರೆ. ಆದರೆ ಡ್ರ್ಯಾಗನ್ ಚಿತ್ರದಲ್ಲಿ ಜಗಳಕ್ಕೆ ಕಾರಣ ತಪ್ಪು ತಿಳಿವಳಿಕೆ. ಇಲ್ಲಿ ಆ ತಪ್ಪು ತಿಳಿವಳಿಕೆಯನ್ನು ಯಾರೋ ಹೆಣೆದಿದ್ದಾರೆ, ತಲೆಮಾರುಗಳಿಂದ ಸಾಕಿದ್ದಾರೆ, ಅದರಿಂದ ರಾಜ್ಯ ಬೆಳೆಸಿಕೊಂಡಿದ್ದಾರೆ. ಮೃಗಗಳು ದಂಡೆಗೆ ಬಂದು ಊರುಗಳನ್ನು ನಾಶ ಮಾಡಿದವು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ; ಎಲ್ಲ ಪುಸ್ತಕಗಳ ಮೇಲೂ ಒಂದೇ ರಾಜಮುದ್ರೆ ಇದೆ. ಮೇಸಿ ಪತ್ತೆ ಹಚ್ಚುವುದು ಇಷ್ಟನ್ನೇ. ಕುಟುಂಬ ಸಮೇತ ನೋಡಲೆಂದು ಮಾಡಿದ ಚಿತ್ರ ಇಲ್ಲಿಯವರೆಗೆ ಹೋಗುವುದು ಅಪರೂಪ.

ಕತೆಯ ಎಳೆ ಹೀಗಿದೆ. ಕ್ಯಾಪ್ಟನ್ ಕ್ರೋ ಎಂಬ ಒಕ್ಕಣ್ಣ ನಾವಿಕನ ‘ಇನೆವಿಟಬಲ್’ ಹಡಗು ಕಡಲ ಮೃಗಗಳನ್ನು ಕೊಂದು ಅರಮನೆಯಿಂದ ಹಣ ಪಡೆಯುತ್ತದೆ. ಅವನ ಕಣ್ಣು ಕಿತ್ತ ಕೆಂಪು ಮೃಗ ‘ರೆಡ್ ಬ್ಲಸ್ಟರ್’ ಮೇಲೆ ಅವನಿಗೆ ತೀರದ ಸೇಡು. ಬೇಟೆಗಾರರನ್ನು ಕೈಬಿಟ್ಟು ‘ಇಂಪರೇಟರ್’ ಎಂಬ ತಮ್ಮದೇ ಯುದ್ಧನೌಕೆಯನ್ನು ಕಳಿಸಲು ರಾಜ ರಾಣಿ ಹೊರಟಾಗ, ಕೊನೆಯದೊಂದು ಅವಕಾಶ ಕೊಡಿ ಎಂದು ಕ್ರೋನ ಸಾಕುಮಗನಂಥ ಜೇಕಬ್ ಕೇಳಿಕೊಳ್ಳುತ್ತಾನೆ. ಅನಾಥಾಲಯದಿಂದ ಓಡಿಬಂದ ಮೇಸಿ ಪೀಪಾಯಿಯಲ್ಲಿ ಅಡಗಿ ಹಡಗು ಸೇರುತ್ತಾಳೆ. ಮೃಗದ ಮೈಗೆ ನಾಟಿದ ಈಟಿಯ ಹಗ್ಗ ಹಡಗನ್ನೇ ಮುಳುಗಿಸುವಂತಾದಾಗ ಆ ಹಗ್ಗವನ್ನು ಕಡಿಯುವವಳು ಅವಳೇ. ಮುಂದೆ ಅವಳೂ ಜೇಕಬ್ಬನೂ ಮೃಗದ ಬಾಯಿಗೆ ಸೇರಿ, ಬದುಕಿ, ಒಂದು ದ್ವೀಪಕ್ಕೆ ಬೀಳುತ್ತಾರೆ.

ನಿರ್ದೇಶಕ ಕ್ರಿಸ್ ವಿಲಿಯಮ್ಸ್ ಡಿಸ್ನಿಯಲ್ಲಿ ‘ಬಿಗ್ ಹೀರೊ 6’ ಮಾಡಿ ಆಸ್ಕರ್ ಪಡೆದವರು, ‘ಮೋನಾ’ ಚಿತ್ರದ ಸಹ ನಿರ್ದೇಶಕರು. ನೀರನ್ನು ಚಿತ್ರಿಸುವ ಕಷ್ಟ ಬಲ್ಲವರು. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ತಂಡ ಇಲ್ಲಿ ಕಟ್ಟಿರುವ ಸಮುದ್ರಕ್ಕೆ ತೂಕವಿದೆ. ಹಗ್ಗ ಬಿಗಿಯುವುದು, ಹಾಯಿ ಇಳಿಸುವುದು, ಗಾಳಿಗೆ ಹಡಗು ವಾಲುವುದು ಎಲ್ಲವೂ ಕೆಲಸ ಗೊತ್ತಿರುವವರ ಕೈಯಲ್ಲಿ ನಡೆದಂತಿದೆ. ಮಂತ್ರ ಇಲ್ಲ, ಮಾತಾಡುವ ಪ್ರಾಣಿ ಇಲ್ಲ, ನಾಲ್ಕು ನಿಮಿಷಕ್ಕೊಮ್ಮೆ ಹಾಡಿಲ್ಲ. ಬೇಟೆಯ ಮೊದಲ ದೃಶ್ಯವಂತೂ ದೊಡ್ಡವರ ಯಾವ ಸಾಹಸ ಚಿತ್ರಕ್ಕೂ ಕಡಿಮೆಯಲ್ಲ. ಆ ವರ್ಷದ ಆಸ್ಕರ್ ಅಂತಿಮ ಪಟ್ಟಿಯಲ್ಲಿ ಇದೂ ಇತ್ತು. ಪ್ರಶಸ್ತಿ ಗಿಯೆರ್ಮೊ ಡೆಲ್ ಟೊರೊ ಅವರ ‘ಪಿನೋಕಿಯೊ’ ಪಾಲಾಯಿತು. ಆ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ.

ಹಳೆಯ ಭೂಪಟಗಳ ಅಂಚಿನಲ್ಲಿ ಬಾಯಿ ತೆರೆದು ನಿಂತ ಕಡಲ ಮೃಗಗಳಿಗೂ ಈ ಚಿತ್ರಕ್ಕೂ ನೇರ ನೆಂಟಸ್ತಿಕೆ ಇದೆ. ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸ್ ರಚಿಸಿದ, 1539ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಕಾರ್ಟಾ ಮರೀನಾ’ ಎಂಬ ಭೂಪಟದಲ್ಲಿ ಕೆಂಪು ಸರ್ಪವೊಂದು ಹಡಗನ್ನು ಸುತ್ತಿಕೊಂಡಿದೆ. ಗೊತ್ತಿಲ್ಲದ ನೀರಿನಲ್ಲಿ ಭಯ ತುಂಬಿಸುವುದು ಮನುಷ್ಯ ಸಹಜ ಎಂದು ಅದನ್ನು ನೋಡಿ ನಕ್ಕು ಮುಂದೆ ಹೋಗಬಹುದು. ಆದರೆ ಭಯಕ್ಕೊಂದು ಬೆಲೆ ಇದೆ, ಅದನ್ನು ವಸೂಲಿ ಮಾಡುವವರೂ ಇರುತ್ತಾರೆ ಎಂಬುದು ಅರಬ್ಬೀ ಸಮುದ್ರದ ಅಂಚಿನ ನಮಗೆ ಗೊತ್ತಿಲ್ಲದ್ದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಈ ನೀರಿನಲ್ಲಿ ಸಾಗುವ ವ್ಯಾಪಾರಿ ಹಡಗುಗಳಿಗೆ ‘ಕಾರ್ಟಾಜ್’ ಎಂಬ ರಹದಾರಿ ಪತ್ರ ಕಡ್ಡಾಯ ಮಾಡಿದರು. ಪತ್ರ ಇಲ್ಲದ ಹಡಗು, ಅದರ ಸರಕು ಜಪ್ತಿ. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು ಬಂದರುಗಳ ವ್ಯಾಪಾರಿಗಳು ತಲೆಮಾರುಗಟ್ಟಲೆ ಅನುಭವಿಸಿದ್ದು ಇದನ್ನೇ. ಕೊಟ್ಟ ಹೆಸರು ರಕ್ಷಣೆ. ಯಾರಿಂದ ರಕ್ಷಣೆ ಎಂದು ಕೇಳಿದರೆ ಬಹುಮಟ್ಟಿಗೆ ಪತ್ರ ಕೊಡುವವರಿಂದಲೇ. ‘ಸೀ ಬೀಸ್ಟ್’ನ ರಾಜ ರಾಣಿಯರದ್ದೂ ಇದೇ ಲೆಕ್ಕಾಚಾರ. ಮೃಗಗಳಿವೆ, ಆದ್ದರಿಂದ ಬೇಟೆಗಾರರು ಬೇಕು, ಬೇಟೆಗಾರರಿರುವುದರಿಂದ ಕಡಲು ನಮ್ಮದು.

ಒಂದು ಕೊರತೆಯನ್ನು ಇಲ್ಲೇ ಹೇಳಿಬಿಡಬೇಕು. ಈ ಸಾಮ್ರಾಜ್ಯಕ್ಕೆ ಹಡಗುಗಳಿವೆ, ದ್ವೀಪಗಳಿವೆ, ದೊಡ್ಡ ಅರಮನೆಯಿದೆ. ಆದರೆ ಆಳಿಸಿಕೊಂಡವರು ಎಲ್ಲೂ ಕಾಣುವುದಿಲ್ಲ. 18ನೇ ಶತಮಾನದ ಯುರೋಪಿನ ವೇಷ ತೊಡಿಸಿ, ಆ ಕಾಲದ ಹಡಗುಗಳು ಹೊತ್ತೊಯ್ದ ಗುಲಾಮರನ್ನೂ ದೋಚಿದ ದೇಶಗಳನ್ನೂ ಚಿತ್ರದಿಂದ ಹೊರಗಿಟ್ಟಿದ್ದಾರೆ. ಕಪ್ಪು ಹುಡುಗಿಯೇ ನಾಯಕಿ, ಕಪ್ಪು ಹೆಂಗಸೇ ಹಡಗಿನ ಎರಡನೇ ಅಧಿಕಾರಿ ಎಂಬುದು ಸಂತೋಷವೇ. ಮಕ್ಕಳ ಚಿತ್ರಕ್ಕೆ ಇಷ್ಟೊಂದು ಹೊರೆ ಹೊರಿಸಬಾರದು ಎಂಬುದನ್ನೂ ಒಪ್ಪುತ್ತೇನೆ. ಆದರೂ ಸಾಮ್ರಾಜ್ಯದ ಸುಳ್ಳನ್ನು ಬಯಲಿಗೆಳೆಯಲು ಹೊರಟ ಚಿತ್ರದಲ್ಲಿ ಆ ಸುಳ್ಳಿಗೆ ಬಲಿಯಾದ ಮನುಷ್ಯರೇ ಇಲ್ಲದಿರುವುದು ಸಣ್ಣ ಲೋಪವಲ್ಲ.

ಏಳೆಂಟು ವರ್ಷದ ಮಗುವಿಗೆ ಪುಸ್ತಕವನ್ನು ನಂಬಬೇಡ ಎಂದು ಹೇಳುವುದು ಸರಿಯೇ ಎಂದು ಕೆಲವು ತಂದೆ ತಾಯಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮೇಸಿ ಓದುವುದನ್ನು ಬಿಡುವುದಿಲ್ಲ. ಓದಿದ್ದನ್ನು ಕಣ್ಣಾರೆ ಕಂಡದ್ದರ ಪಕ್ಕದಲ್ಲಿಟ್ಟು ನೋಡುತ್ತಾಳೆ, ಆಮೇಲೆ ಈ ಪುಸ್ತಕಗಳನ್ನೆಲ್ಲ ಅಚ್ಚು ಹಾಕಿಸಿದವರು ಯಾರು ಎಂದು ತಿರುವಿ ನೋಡುತ್ತಾಳೆ. ಓದುವುದನ್ನು ಕಲಿಸುವ ಯಾವ ಶಾಲೆಯೂ ಕಲಿಸಬೇಕಾದದ್ದು ಇದು. ಚಿತ್ರ ಬಿಡುಗಡೆಯಾದ ಹೊತ್ತಿಗೆ ಕರ್ನಾಟಕದಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗದ್ದಲ ಇನ್ನೂ ಪೂರ್ತಿ ಆರಿರಲಿಲ್ಲ. ದೇವನೂರ ಮಹಾದೇವ ಅವರಂಥ ಲೇಖಕರು ತಮ್ಮ ಬರಹವನ್ನು ಪಾಠವಾಗಿಸಲು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದರು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ಯಾವ ಪಾಠ ಇರಬೇಕಿತ್ತು, ಯಾವುದು ಹೋಗಬೇಕಿತ್ತು ಎಂಬ ವಾದ ಬೇರೆ. ಎರಡು ಸಲವೂ ದೊಡ್ಡವರು ಬಡಿದಾಡಿದ್ದು ಮುದ್ರೆ ಯಾರ ಕೈಯಲ್ಲಿರಬೇಕು ಎಂಬುದಕ್ಕೆ. ಮುದ್ರೆಯನ್ನು ಗುರುತಿಸುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡುವ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. (ಎಲ್ಲ ಚಿತ್ರಗಳ ಮೇಲೂ ತನ್ನದೇ ಮುದ್ರೆ ಒತ್ತಿ ಮನೆಮನೆಗೆ ಕಳಿಸುವ ಕಂಪನಿಯೊಂದು ಈ ಕತೆಗೆ ಹಣ ಹಾಕಿದ್ದು ತಮಾಷೆಯೇ.)

ಚಿತ್ರದ ನಿಜವಾದ ಶಕ್ತಿ ಇರುವುದು ಬೇಟೆಗಾರರನ್ನು ದುಷ್ಟರನ್ನಾಗಿ ಮಾಡದಿರುವುದರಲ್ಲಿ. ಅವರಿಗೊಂದು ಕಟ್ಟಳೆ ಇದೆ: ಇನ್ನೊಂದು ಬೇಟೆ ಹಡಗು ಅಪಾಯದಲ್ಲಿದ್ದರೆ ಕೈಗೆ ಸಿಕ್ಕ ಬೇಟೆಯನ್ನು ಬಿಟ್ಟಾದರೂ ನೆರವಿಗೆ ಹೋಗಬೇಕು. ಕಣ್ಣು ಕಿತ್ತ ಮೃಗ ಎದುರಿಗಿದ್ದರೂ ಕ್ರೋನ ಹಡಗು ಹಾಗೆ ಹೋಗುತ್ತದೆ. ಒಂದೇ ತಟ್ಟೆಯಲ್ಲಿ ಉಣ್ಣುವ, ಒಬ್ಬರಿಗೊಬ್ಬರು ಜೀವ ಕೊಡುವ ಜನ. ಇಂಥವರು ವೀರರೂ ಹೌದು, ಮಾಡುತ್ತಿರುವುದು ತಪ್ಪೂ ಹೌದು, ಎರಡೂ ಒಟ್ಟಿಗೇ ನಿಜವಾಗಿರಬಹುದು ಎಂದು ಮೇಸಿ ತಿಳಿಯುತ್ತಾಳೆ. ತನ್ನ ಸತ್ತ ಅಪ್ಪ ಅಮ್ಮನ ಬಗ್ಗೆ ಮಗುವೊಂದು ಹೀಗೆ ಯೋಚಿಸುವುದು ಎಷ್ಟು ಕಷ್ಟವೆಂದು ಚಿತ್ರಕ್ಕೆ ಗೊತ್ತಿದೆ.

ಇತಿಹಾಸದಲ್ಲಿ ಈ ಬೇಟೆಗಾರರ ಜಾಗದಲ್ಲಿ ಇದ್ದವರು ತಿಮಿಂಗಿಲ ಹಿಡಿಯುವವರು. ಅಮೆರಿಕದ ನಾಂಟಕೆಟ್ ದ್ವೀಪದ ‘ಎಸೆಕ್ಸ್’ ಎಂಬ ಹಡಗನ್ನು 1820ರ ನವೆಂಬರ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲವೊಂದು ಗುದ್ದಿ ಮುಳುಗಿಸಿತು. 20 ಮಂದಿಯಲ್ಲಿ ಬದುಕಿದವರು 8. ಬದುಕಿ ಬಂದ ಓವನ್ ಚೇಸ್ ಬರೆದ ವೃತ್ತಾಂತವನ್ನು ಓದಿಕೊಂಡಿದ್ದ ಹರ್ಮನ್ ಮೆಲ್ವಿಲ್ 1851ರಲ್ಲಿ ‘ಮೊಬಿ ಡಿಕ್’ ಕಾದಂಬರಿ ಪ್ರಕಟಿಸಿದರು. ಅಲ್ಲಿಯ ಕ್ಯಾಪ್ಟನ್ ಅಹಾಬನಿಗೆ ಒಂದು ಕಾಲಿಲ್ಲ, ಇಲ್ಲಿಯ ಕ್ರೋಗೆ ಒಂದು ಕಣ್ಣಿಲ್ಲ. ನಾಂಟಕೆಟ್‌ನವರು ರಕ್ತಪಿಪಾಸುಗಳಾಗಿರಲಿಲ್ಲ, ಯುದ್ಧವೇ ಪಾಪ ಎಂದು ನಂಬಿದ ಕ್ವೇಕರ್ ಪಂಥದವರು ಆ ದ್ವೀಪದಲ್ಲಿ ಹೆಚ್ಚಾಗಿದ್ದರು. ಅವರ ಎಣ್ಣೆಯಿಂದ ನಗರಗಳ ದೀಪ ಉರಿಯುತ್ತಿತ್ತು, ಯಂತ್ರ ತಿರುಗುತ್ತಿತ್ತು. 1840ರ ದಶಕದಲ್ಲಿ ಅಮೆರಿಕದ 700ಕ್ಕೂ ಹೆಚ್ಚು ಹಡಗುಗಳು ಈ ಕಸುಬಿನಲ್ಲಿದ್ದವು. ಅಲ್ಲಿ ಸುಳ್ಳು ಹೇಳಲು ರಾಜ ಬೇಕಿರಲಿಲ್ಲ, ಕೊಳ್ಳುವವರಿದ್ದರೆ ಸಾಕಾಗಿತ್ತು.

ಚಿತ್ರ ಎಡವುವುದು ಇಲ್ಲಿ. ಕೊನೆಯಲ್ಲಿ ಸೆರೆ ಸಿಕ್ಕ ಮೃಗದ ಮುಂದೆ, ನೆರೆದ ಜನರೆದುರು ಮೇಸಿ ಸತ್ಯ ಹೇಳುತ್ತಾಳೆ. ಜನ ಆಯುಧ ಕೆಳಗಿಡುತ್ತಾರೆ, ರಾಜ ರಾಣಿ ಪೆಚ್ಚಾಗುತ್ತಾರೆ, ಮುಗಿಯಿತು. ಸುಳ್ಳಿನ ಪೂರ್ತಿ ಹೊಣೆಯನ್ನು ಅರಮನೆಯ ತಲೆಗೆ ಕಟ್ಟಿ, ಅದನ್ನು ನಂಬಿ ಹೊಟ್ಟೆ ಹೊರೆದ ಸಾವಿರಾರು ಜನರನ್ನು ಐದು ನಿಮಿಷದ ಭಾಷಣದಲ್ಲಿ ದಡ ಮುಟ್ಟಿಸುತ್ತಾರೆ. ಮೊದಲರ್ಧದಲ್ಲಿ ಹಣದ ಮಾತು, ಹಡಗಿನ ಮಾತು, ಕೆಲಸ ಹೋಗುವ ಭಯ ಎಲ್ಲ ಇತ್ತಲ್ಲ, ಅದೆಲ್ಲ ಎಲ್ಲಿ ಹೋಯಿತು?

ನಿಜವಾದ ಬೇಟೆ ಹಾಗೆ ನಿಂತದ್ದಲ್ಲ. 1859ರಲ್ಲಿ ಪೆನ್ಸಿಲ್ವೇನಿಯದಲ್ಲಿ ಪೆಟ್ರೋಲಿಯಂ ಬಾವಿ ಕೊರೆದ ಮೇಲೆ ದೀಪಕ್ಕೆ ಸೀಮೆಎಣ್ಣೆ ಬಂತು, ಇನ್ನು ತಿಮಿಂಗಿಲಗಳು ಬದುಕಿದವು ಎಂದುಕೊಳ್ಳಬಹುದಿತ್ತು. ಆದದ್ದು ಬೇರೆ. ಉಗಿ ಹಡಗು, ಸಿಡಿಯುವ ಈಟಿ, ಸಮುದ್ರದ ಮಧ್ಯದಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಹಡಗು ಬಂದವು. ದೀಪದ ಬದಲು ಸಾಬೂನಿಗೂ ಮಾರ್ಗರೀನ್‌ಗೂ ಎಣ್ಣೆ ಬೇಕಾಯಿತು. 20ನೇ ಶತಮಾನವೊಂದರಲ್ಲೇ ಸತ್ತ ತಿಮಿಂಗಿಲಗಳು ಸುಮಾರು 29 ಲಕ್ಷ. 1970ರಲ್ಲಿ ಜೀವವಿಜ್ಞಾನಿ ರೋಜರ್ ಪೇನ್ ಹೊರತಂದ ಗೂನು ತಿಮಿಂಗಿಲಗಳ ಹಾಡಿನ ಧ್ವನಿಮುದ್ರಿಕೆ ಲಕ್ಷಾಂತರ ಜನರ ಮನಸ್ಸು ಕರಗಿಸಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆ ನಿಲ್ಲಿಸಲು ಮತ ಹಾಕಿದ್ದು 1982ರಲ್ಲಿ. ಅಷ್ಟು ಹೊತ್ತಿಗೆ ಹಿಡಿಯಲು ತಿಮಿಂಗಿಲಗಳೇ ಕಡಿಮೆಯಾಗಿದ್ದವು, ಲಾಭವೂ ಇಳಿದಿತ್ತು. ಜಪಾನ್ 2019ರಲ್ಲಿ ಆಯೋಗದಿಂದ ಹೊರನಡೆದು ವಾಣಿಜ್ಯ ಬೇಟೆಯನ್ನು ಮತ್ತೆ ಶುರು ಮಾಡಿತು.

ಮೇಸಿಯ ಭಾಷಣಕ್ಕೆ ಹತ್ತಿರದ ಉದಾಹರಣೆ ನಮ್ಮ ದೇಶದಲ್ಲೇ ಇದೆ, ಚಿತ್ರಕ್ಕಿಂತ ಅದು ಹೆಚ್ಚು ಕಲಿಸುತ್ತದೆ. ಗುಜರಾತಿನ ವೇರಾವಲ್ ಸುತ್ತಮುತ್ತ ಮೀನುಗಾರರು ವೇಲ್ ಶಾರ್ಕ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಲ್ಲುತ್ತಿದ್ದರು. ಮೀನುಗಳಲ್ಲೆಲ್ಲ ದೊಡ್ಡದಾದರೂ ಯಾರಿಗೂ ಕೇಡು ಮಾಡದ ಜೀವಿ ಅದು. ಯಕೃತ್ತಿನ ಎಣ್ಣೆ ದೋಣಿಗೆ ಬಳಿಯಲು, ಮಾಂಸ ರಫ್ತಿಗೆ. ಮೈಕ್ ಪಾಂಡೆ ಅವರ ಸಾಕ್ಷ್ಯಚಿತ್ರ ಈ ಬೇಟೆಯನ್ನು ಜಗತ್ತಿಗೆ ತೋರಿಸಿತು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದ ಮೊದಲ ಮೀನು ಅದಾಯಿತು. ಕಾನೂನು ಬಂದ ಮಾತ್ರಕ್ಕೆ ದಂಡೆಯ ಜನ ಒಪ್ಪಿದರು ಎಂದಲ್ಲ. 2004ರಲ್ಲಿ ಶುರುವಾದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬಂದ ಮಗಳಿಗೆ ಹೋಲಿಸಿ ಮಾತಾಡಿದರು, ಅದು ನಾಟಿತು. ಅಲ್ಲಿಗೂ ನಿಲ್ಲಲಿಲ್ಲ. ಸಿಕ್ಕಿಬಿದ್ದ ಮೀನನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಅರಣ್ಯ ಇಲಾಖೆ ಬಲೆಯ ಪರಿಹಾರ ಕೊಡುವ ಏರ್ಪಾಡಾಯಿತು. ಅಂದಿನಿಂದ ನೂರಾರು ವೇಲ್ ಶಾರ್ಕ್‌ಗಳು ಜೀವಂತ ಕಡಲಿಗೆ ಮರಳಿವೆ. ಕತೆ, ಕಾನೂನು, ಬಲೆಯ ದುಡ್ಡು, ಮೂರರಲ್ಲಿ ಒಂದು ತಪ್ಪಿದ್ದರೂ ಇದು ನಡೆಯುತ್ತಿತ್ತೆಂದು ನಾನು ನಂಬುವುದಿಲ್ಲ.

ಮೇಸಿಯೂ ಹಡಗು ಉಳಿಸಲು ಹಗ್ಗ ಕಡಿದವಳೇ. ಕಡಿದ ಹಗ್ಗಕ್ಕೂ ಒಂದು ಬೆಲೆ ಇದೆ, ಆ ಕ್ಷಣದಲ್ಲಿ ಕ್ರೋ ಸಿಟ್ಟಾಗುವುದು ಪೂರ್ತಿ ತಪ್ಪಲ್ಲ. ಅವನ ಸೇಡನ್ನು ಪಕ್ಕಕ್ಕಿಟ್ಟರೂ, ಆ ಹಡಗಿನವರಿಗೆ ಬೇರೆ ಕಸುಬು ಗೊತ್ತಿಲ್ಲ. ಚಿತ್ರದ ಕೊನೆಯಲ್ಲಿ ಜೇಕಬ್, ಮೇಸಿ ಮತ್ತು ದಾರಿಯಲ್ಲಿ ಅವಳಿಗೆ ಜೊತೆಯಾದ ಪುಟ್ಟ ನೀಲಿ ಮೃಗವೊಂದಕ್ಕೆ ಕಡಲಂಚಿನಲ್ಲಿ ನೆಮ್ಮದಿಯ ಮನೆ ಸಿಗುತ್ತದೆ. ಉಳಿದವರಿಗೆ ಏನು ಸಿಕ್ಕಿತು ಎಂದು ಯಾರೂ ವಿಚಾರಿಸುವುದಿಲ್ಲ.

ಇಷ್ಟಾದರೂ ಮಕ್ಕಳೊಂದಿಗೆ ಕೂತು ನೋಡಬೇಕಾದ ಚಿತ್ರ ಇದು. ತೀರ ಚಿಕ್ಕವರಿಗೆ ಮೊದಲ ಬೇಟೆಯ ದೃಶ್ಯ ಹೆದರಿಕೆ ಹುಟ್ಟಿಸಬಹುದು, ಪಕ್ಕದಲ್ಲಿರಿ. ಎರಡನೇ ಭಾಗ ಮಾಡುವುದಾಗಿ 2023ರ ಜನವರಿಯಲ್ಲೇ ಪ್ರಕಟಿಸಿದ್ದಾರೆ. ಅದರಲ್ಲಿ ಇನ್ನೊಂದು ದೊಡ್ಡ ಮೃಗ ಬೇಡ. ಬೇಟೆ ನಿಂತ ಊರಿನಲ್ಲಿ ಹಡಗಿನವರು ಒಲೆ ಹಚ್ಚುವುದು ಹೇಗೆ ಎಂಬ ಕತೆ ಬರಲಿ.