ಅನ್ನಾ ಓ. ಎಂಬ ಪಾಠ

ಮನೋವಿಜ್ಞಾನದ ತರಗತಿಯಲ್ಲಿ ಸಿದ್ಧಾಂತಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದು ಪ್ರಕರಣ ಅಧ್ಯಯನ, ಅಂದರೆ ಒಬ್ಬ ರೋಗಿಯ ಬಾಳು, ಬೇನೆ, ಚಿಕಿತ್ಸೆಗಳ ವಿವರವಾದ ವೃತ್ತಾಂತ. ಅವುಗಳಲ್ಲಿ ಬಹು ಪ್ರಸಿದ್ಧವಾದದ್ದು ಯೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಹಿಸ್ಟೀರಿಯಾ ಕುರಿತು 1895ರಲ್ಲಿ ಪ್ರಕಟಿಸಿದ ಗ್ರಂಥದ 'ಅನ್ನಾ ಓ.' ವೃತ್ತಾಂತ. ಕಾಯಿಲೆ ಬಿದ್ದ ತಂದೆಯ ಶುಶ್ರೂಷೆ ಮಾಡುತ್ತಿದ್ದಾಗ ಕೈಕಾಲು ಸ್ವಾಧೀನ ತಪ್ಪಿ, ಮಾತೃಭಾಷೆಯೇ ನಾಲಗೆಗೆ ಬಾರದಂತಾದ ವಿಯೆನ್ನಾದ ಈ ಯುವತಿ, ಒಂದೊಂದು ಲಕ್ಷಣದ ಮೂಲವನ್ನೂ ಬ್ರಾಯರ್ ಮುಂದೆ ಮಾತಿನಲ್ಲಿ ಬಿಚ್ಚಿಡುತ್ತ ಗುಣಮುಖರಾದರೆಂಬುದು ಅದರ ಸಾರ. ಮನೋವಿಶ್ಲೇಷಣೆಯ ಹುಟ್ಟಿಗೆ ಈ ಮಾತಿನ ಚಿಕಿತ್ಸೆಯೇ ನಾಂದಿಯೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದವು.

ಆಕೆ ಬರ್ತಾ ಪಾಪೆನ್‌ಹೈಮ್ ಎಂಬುದನ್ನು ಫ್ರಾಯ್ಡ್ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ 1953ರಲ್ಲಿ ಬಯಲು ಮಾಡಿದರು. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟವನ್ನು ಕಟ್ಟಿ, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಹೋರಾಡಿದ ಈ ಧೀಮಂತೆ 1936ರಲ್ಲೇ ತೀರಿಕೊಂಡಿದ್ದರು. ಆಕ್ಷೇಪಿಸುವವರು ಉಳಿದಿಲ್ಲವೆಂಬುದು ಅನುಮತಿಗೆ ಸಮನಾಗದು. ಆದರೆ ಆ ಅನುಚಿತ ಬಹಿರಂಗದಿಂದಲೇ ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್‌ಗೆ ಹುಡುಕಾಟದ ದಾರಿ ತೆರೆಯಿತು. ಬ್ರಾಯರ್ ಚಿಕಿತ್ಸೆ 1882ರ ಜೂನ್‌ನಲ್ಲಿ ಮುಗಿದ ಮರುತಿಂಗಳೇ ಬರ್ತಾ ಸ್ವಿಟ್ಜರ್ಲೆಂಡಿನ ಆರೋಗ್ಯಧಾಮವೊಂದಕ್ಕೆ ದಾಖಲಾಗಿದ್ದರೆಂಬುದನ್ನು ಅವರು 1972ರಲ್ಲಿ ದಾಖಲೆ ಸಹಿತ ತೋರಿಸಿದರು. ಪಠ್ಯಗಳು ಸಾರಿದ ಗುಣ ಪಠ್ಯದಲ್ಲಷ್ಟೇ ಆಗಿತ್ತು.

ಗುರುತು ಮರೆಸುವುದು ರೋಗಿಯನ್ನು ಕಾಯುತ್ತದೆ ಎಂಬುದು ಸರ್ವಸಮ್ಮತ. ಅದೇ ಮರೆ ವೃತ್ತಾಂತ ಬರೆದ ವೈದ್ಯರನ್ನೂ ಪರಿಶೀಲನೆಯಿಂದ ಕಾಯುತ್ತದೆ ಎಂಬುದನ್ನು ಬೋಧಕರು ಅಷ್ಟಾಗಿ ಗಮನಿಸುವುದಿಲ್ಲ.

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ನೀತಿಸಂಹಿತೆಯು ಬರಹ, ಉಪನ್ಯಾಸಗಳಲ್ಲಿ ರೋಗಿಯ ಗುರುತು ಮರೆಸುವುದನ್ನೂ ಲಿಖಿತ ಒಪ್ಪಿಗೆ ಪಡೆಯುವುದನ್ನೂ ಪರ್ಯಾಯಗಳೆಂಬಂತೆ ಇರಿಸಿದೆ. ಇವೆರಡನ್ನು ಸಮತೂಕದವೆಂದು ಒಪ್ಪುವುದು ಕಷ್ಟ. ಕರ್ನಾಟಕದ ತರಗತಿಯೊಂದರಲ್ಲಿ ಹೆಸರನ್ನಷ್ಟೇ ಬದಲಿಸಿ ತಾಲ್ಲೂಕು, ಜಾತಿ, ಕಸುಬು, ಆಸ್ತಿಯ ಜಗಳಗಳನ್ನು ಇದ್ದಂತೆಯೇ ಹೇಳಿದರೆ, ಆ ಸೀಮೆಯ ವಿದ್ಯಾರ್ಥಿಗೆ ಮನೆಯ ಗುರುತು ಹತ್ತಲು ತಡವಾಗದು. ಅವನ್ನೂ ಅಳಿಸಿದರೆ ಬೇನೆ ಬೇರುಬಿಟ್ಟ ಬದುಕೇ ಪಾಠದಿಂದ ಮಾಯವಾಗುತ್ತದೆ. ಒಪ್ಪಿಗೆಯೂ ನಿಷ್ಕಳಂಕವಲ್ಲ: ಚಿಕಿತ್ಸೆಯ ನಡುವೆ ವೈದ್ಯರು ಕೇಳಿದಾಗ ಒಲ್ಲೆನೆನ್ನುವ ಧೈರ್ಯ ಎಷ್ಟು ಜನರಿಗಿದ್ದೀತು? ಆದುದರಿಂದ ಚಿಕಿತ್ಸೆ ಮುಗಿದ ಮೇಲೆ, ಬರೆದ ಪ್ರತಿಯನ್ನೇ ರೋಗಿಗೆ ಓದಲು ಕೊಟ್ಟು, ಇದು ಹೀಗೆ ನಡೆಯಲಿಲ್ಲವೆಂದು ತಿದ್ದುವ ಅಧಿಕಾರವನ್ನೂ ಬಿಟ್ಟುಕೊಟ್ಟು ಪಡೆದ ಒಪ್ಪಿಗೆಗೆ ಮಾತ್ರ ತೂಕವಿದೆ.